ಮಾರ್ಸೇ ಬಂದರಿನಲ್ಲಿ ವಸುಧಾಳ ಕೈ ಹಿಡಿದೆಳೆದ ಹೆಂಗಸು

ಗುರುಬಸವ್ವ, ದಿವಂಗತ ಸಂಗನಬಸಪ್ಪನವರ ಹೆಂಡತಿ, ವಯಸ್ಸು 62 ವರ್ಷ, ಮನೆವಾರ್ತೆ, ಸ್ವಂತ ಊರು ಗದಗ, ಹಾಲಿ ವಾಸ ಅಮೆರಿಕದ ಲಾಸ್ ಗ್ಯಾಟೋಸಿನ ಮಗನ ಮನೆ. ನನಗೆ ಇಂಗ್ಲಿಷ್ ಬಾರದ ಕಾರಣ ಪದ್ಮಜಾ ಎಂಬವರು ಕನ್ನಡದಲ್ಲೇ ಬರೆದುಕೊಂಡಂತೆ, ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಮಗ ದೇವೇಂದ್ರಪ್ಪ ಇಂಜಿನಿಯರು. ಅವನಿಗೂ ಸೊಸೆ ಇಂದುವಿಗೂ ಮಕ್ಕಳಾಗಲಿಲ್ಲ. 1980ರಲ್ಲಿ ಸ್ಯಾನ್ ಹೋಸೆಯ ಒಂದು ದತ್ತು ಏಜೆನ್ಸಿಯ ಮೂಲಕ ಬೆಳಗಾವಿಯ ಅನಾಥಾಶ್ರಮದಿಂದ ಮೂರು ತಿಂಗಳ ಹೆಣ್ಣುಕೂಸನ್ನು ತಂದರು. ಅವಳೇ ವಸುಧಾ. ಕೂಸಿಗೆ ಒಡಹುಟ್ಟಿದವರು ಯಾರೂ ಇಲ್ಲವೆಂದು ಏಜೆನ್ಸಿಯವರು ಹೇಳಿದ್ದರು.

ಈ ಬೇಸಿಗೆ ರಜೆಯಲ್ಲಿ ನಾವು ನಾಲ್ವರೂ ಫ್ರಾನ್ಸಿನ ಮಾರ್ಸೇ ಪಟ್ಟಣಕ್ಕೆ ಹೋಗಿದ್ದೆವು. ಜುಲೈ 14ರ ಮುಂಜಾನೆ ಸುಮಾರು ಹತ್ತು ಗಂಟೆಗೆ ಮಗ, ಸೊಸೆ ದೋಣಿಯ ಟಿಕೆಟ್ ತರಲು ಹೋದರು. ಹಳೇ ಬಂದರಿನ ದಂಡೆಯಲ್ಲಿ ಮೀನು ಮಾರುತ್ತಿದ್ದರು. ವಾಸನೆ ತಡೆಯದೆ ನಾನು ಮೂಗಿಗೆ ಸೆರಗು ಹಿಡಿದು, ವಸುಧಾಳ ಕೈ ಹಿಡಿದು ದೂರ ನಿಂತಿದ್ದೆ.

ಆಗ ಒಬ್ಬ ಬಿಳಿ ಹೆಂಗಸು ಓಡಿಬಂದು ವಸುಧಾಳನ್ನು ಎಲೋಡಿ, ಎಲೋಡಿ ಎಂದು ಕೂಗುತ್ತ ತಬ್ಬಿಕೊಂಡು ಅಳಹತ್ತಿದಳು. ನಾನು ಈಕಿ ನಮ್ಮ ಹುಡುಗಿ, ಬಿಡು ಎಂದೆ. ಆಕೆ ಬಿಡದೆ ವಸುಧಾಳ ಕೈ ಹಿಡಿದೆಳೆದು ನನ್ನನ್ನು ದೂಡಿದಳು. ಜನ ಕೂಡಿದರು. ವಸುಧಾ ನಾನು ಎಲೋಡಿ ಅಲ್ಲ, ಅಜ್ಜಿ ಹೇಳು ಎಂದು ಚೀರುತ್ತಿದ್ದಳು. ಇಬ್ಬರು ಪೊಲೀಸರು ನಮ್ಮನ್ನೆಲ್ಲ ಠಾಣೆಗೆ ಕರೆದೊಯ್ದರು. ಮಕ್ಕಳ ಕಳ್ಳಿ ಎಂದು ನನ್ನ ಮೇಲೆ ಅನುಮಾನ ಬಂದಿತ್ತೆಂದು ಆಮೇಲೆ ತಿಳಿಯಿತು.

ಠಾಣೆಯಲ್ಲಿ ಆ ಹೆಂಗಸು ಚೀಲದಿಂದ ಒಂದು ಫೋಟೋ ತೆಗೆದು ತೋರಿಸಿದಳು. ಅದರಲ್ಲಿ ನಮ್ಮ ವಸುಧಾ ಇದ್ದಳು. ಮೈಮೇಲಿನ ಹಳದಿ ಫ್ರಾಕು ಮಾತ್ರ ನಮ್ಮದಲ್ಲ. ನಾನು ಫೋಟೋವನ್ನು ವಸುಧಾಳ ಮುಖದ ಪಕ್ಕ ಹಿಡಿದು ನೋಡಿದೆ.

ಅಷ್ಟರಲ್ಲಿ ಆಕೆಯ ಗಂಡ, ಮುಂಜಾನೆ ಬಂದರಿನ ಗದ್ದಲದಲ್ಲಿ ತಪ್ಪಿಸಿಕೊಂಡಿದ್ದ ಮಗಳನ್ನು ಹುಡುಕಿ ಕರೆತಂದ. ಒಳಗೆ ಬಂದದ್ದು ವಸುಧಾಳೇ. ಅದೇ ಹುಬ್ಬು, ಅದೇ ಗಿಡ್ಡ ಕತ್ತು. ಮುಂದಿನ ಹಲ್ಲು ಆಕಿಗೂ ಬಿದ್ದಿತ್ತು. ಬರೆಯುತ್ತಿದ್ದ ಪೊಲೀಸಿನವನು ಎದ್ದು ನಿಂತ. ವಸುಧಾ ಅಳು ನಿಲ್ಲಿಸಿ ಆ ಹುಡುಗಿಯ ಕೆನ್ನೆ ಮುಟ್ಟಿ ನೋಡಿದಳು.

ಮಗ, ಸೊಸೆ ನಮ್ಮನ್ನು ಹುಡುಕಿಕೊಂಡು ಠಾಣೆಗೆ ಬಂದ ಮೇಲೆ ಎಲ್ಲ ಗೊತ್ತಾಯಿತು. ಎಲೋಡಿಯೂ ಅದೇ ಆಶ್ರಮದ, ಅದೇ ಏಜೆನ್ಸಿ ಕೊಟ್ಟ ಕೂಸು, ಹುಟ್ಟಿದ ದಿನವೂ ಒಂದೇ. ಆ ಹೆಂಗಸು ನನ್ನ ಎರಡೂ ಕೈ ಹಿಡಿದು ಏನೋ ಹೇಳಿದಳು. ಮಾತು ತಿಳಿಯಲಿಲ್ಲ. ಊರು ಬಿಡುವ ದಿನ ಹುಡುಗಿಯರನ್ನು ಬಿಡಿಸಲು ಇಬ್ಬರು ತಂದೆಯರೂ ಬೇಕಾದರು.

ಆಗಸ್ಟ್ 3ರಂದು ನಾನೂ ಸೊಸೆಯೂ ಮಗನ ಜೊತೆ ಏಜೆನ್ಸಿಗೆ ಹೋದೆವು. ಅವಳಿಜವಳಿ ಎಂದು ತಮಗೆ ಗೊತ್ತಿತ್ತು, ಎರಡು ಕುಟುಂಬಗಳು ಒಂದೊಂದೇ ಕೂಸು ಕೇಳಿದ್ದವು, ಹೇಳಿದ್ದರೆ ಯಾರೂ ಒಯ್ಯುತ್ತಿರಲಿಲ್ಲ ಎಂದು ಅಲ್ಲಿನ ಮ್ಯಾನೇಜರು ಹೇಳಿದ್ದನ್ನು ಮಗ ನನಗೆ ತಿಳಿಸಿದ. ನಾವು ಇಬ್ಬರನ್ನೂ ಒಯ್ಯುತ್ತಿದ್ದೆವು, ಒಂದು ಮಾತು ಕೇಳಬಾರದಿತ್ತೇ ಎಂದು ಸೊಸೆ ಅಂದಳು. ಅಂದವಳೇ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಈಗ ಪ್ರತಿ ಭಾನುವಾರ ಮಾರ್ಸೇಯಿಂದ ಫೋನು ಬರುತ್ತದೆ. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಹುಡುಗಿಯರಿಬ್ಬರೂ ಫೋನು ಕಿವಿಗಿಟ್ಟುಕೊಂಡು ಸುಮ್ಮನೆ ಕೂತಿರುತ್ತಾರೆ. ಮೊದಲು ಹುಟ್ಟಿದ್ದು ನಾನಾ, ಅವಳಾ ಎಂದು ವಸುಧಾ ನಿನ್ನೆ ಕೇಳಿದಳು. ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಏಜೆನ್ಸಿಯವರಿಗೆ ಯಾವ ಶಿಕ್ಷೆಯೋ ಅದು ನಿಮಗೆ ಬಿಟ್ಟದ್ದು. ವಿಚಾರಣೆ ಮಾಡುವಾಗ ಅಕ್ಕ ಯಾರು ಎಂಬುದನ್ನು ಕೇಳಿ ತಿಳಿಸಬೇಕಾಗಿ ಕೋರುತ್ತೇನೆ. ಹುಡುಗಿ ಕಾಯುತ್ತಿದ್ದಾಳೆ.

ಪದ್ಮಜಾ ಅವರು ಓದಿದ್ದನ್ನು ಕೇಳಿದೆ. ನಾನು ಕಂಡದ್ದು, ಹೇಳಿದ್ದು ಇಷ್ಟೇ, ಸುಳ್ಳು ಸೇರಿಲ್ಲ.

ಲಾಸ್ ಗ್ಯಾಟೋಸ್
10 ಆಗಸ್ಟ್ 1987
(ಸಹಿ) ಗುರುಬಸವ್ವ