ಮೂರನೆಯ ಪೈಪು

ಮಾನ್ಯ ಅಧ್ಯಕ್ಷರೇ, ನೀಲಿ ಬೈಕಿನ ಕೀಲಿಕೈಯನ್ನು ಜೇಬಿನಲ್ಲಿಟ್ಟುಕೊಂಡು ಕುಳಿತಿರುವ ಮುಖ್ಯ ಅತಿಥಿಗಳೇ, ಹಳೆಯ ಬೈಕುಗಳ ಸಂಘದ ಪದಾಧಿಕಾರಿಗಳೇ, ಮುಂದಿನ ಸಾಲಿನಲ್ಲಿರುವ ನನ್ನ ತಮ್ಮನ ಮಗಳೇ ಮತ್ತು ಸಭಿಕರೇ,

ನಲವತ್ತೊಂದು ವರ್ಷ ಸ್ಪ್ಯಾನರ್ ಹಿಡಿದ ಕೈಗೆ ಇವತ್ತು ಮೈಕು ಕೊಟ್ಟಿದ್ದೀರಿ. ಸ್ಪ್ಯಾನರ್ ಎಷ್ಟು ಹೊತ್ತು ಹಿಡಿದರೂ ಯಾರೂ ಗಡಿಯಾರ ನೋಡುವುದಿಲ್ಲ. ಮೈಕು ಹಿಡಿದ ಕೂಡಲೇ ಕಾರ್ಯದರ್ಶಿಗಳು ನೋಡಲು ಶುರುಮಾಡಿದ್ದಾರೆ. ಜಪಾನಿನ ನಾಲ್ಕು ಸಿಲಿಂಡರ್ ಬೈಕುಗಳನ್ನು ಹೋಲಿಸಿ ಹತ್ತು ನಿಮಿಷ ಮಾತಾಡಿ ಎಂದಿದ್ದೀರಿ. ಹಾಗೇ ಆಗಲಿ.

ವೇದಿಕೆಯ ಮೇಲೆ ಮೂರು ನಿಂತಿವೆ. ಮೂರೂ ನನಗಿಂತ ಸ್ವಲ್ಪವೇ ಚಿಕ್ಕವು, ನನಗಿಂತ ಚೆನ್ನಾಗಿ ಬಣ್ಣ ಬಳಿಸಿಕೊಂಡಿವೆ. ಕೆಂಪು ಟ್ಯಾಂಕಿನದು ಕಚೇರಿಯ ಹಳೇ ಗುಮಾಸ್ತ. ಬಿಸಿಯಾಗುವವರೆಗೆ ಗೊಣಗುತ್ತದೆ, ಆಮೇಲೆ ನಿಲ್ಲಿಸಿದರೂ ನಿಲ್ಲುವುದಿಲ್ಲ. ಅದರ ಎಣ್ಣೆಯ ಮಟ್ಟವನ್ನು ತಣ್ಣಗಿದ್ದಾಗ ನೋಡಿದರೆ ಸುಳ್ಳು ಹೇಳುತ್ತದೆ, ಓಡಿಸಿ ಬಂದು ನೋಡಿದರೆ ಮಾತ್ರ ನಿಜ. ಕಪ್ಪು ಟ್ಯಾಂಕಿನದು ನೇರ ರಸ್ತೆಯಲ್ಲಿ ಹುಲಿ. ತಿರುವು ಬಂದರೆ ಮೈ ತೊನೆಯುತ್ತದೆ, ಸವಾರನಿಗೆ ಕಂಡ ಕಂಡ ದೇವರೆಲ್ಲ ನೆನಪಾಗುತ್ತಾರೆ. ನೀಲಿ ಟ್ಯಾಂಕಿನದು ಇವೆರಡಕ್ಕಿಂತ ಸಂಭಾವಿತ. ಅದು ನನ್ನ ತಮ್ಮನದು.

ಗುಣ ಬೇರೆ ಬೇರೆಯಾದರೂ ಮೂರಕ್ಕೂ ಹುಟ್ಟಿನಿಂದ ಬಂದ ಒಂದು ಚಾಳಿ ಇದೆ. ಒಂಟಿ ಸಿಲಿಂಡರಿನ ಬೈಕು ಕೆಟ್ಟರೆ ನಡುರಸ್ತೆಯಲ್ಲಿ ನಿಂತು ಊರಿಗೆಲ್ಲ ಸಾರುತ್ತದೆ. ನಾಲ್ಕರದು ಹಾಗಲ್ಲ. ಒಂದು ಸತ್ತರೆ ಉಳಿದ ಮೂರು ಅದನ್ನು ಹೊತ್ತುಕೊಂಡು ಓಡುತ್ತವೆ. ಒಳಗೆ ಯಾವುದು ಸತ್ತಿದೆ ಎಂದು ತಿಳಿಯುವುದು ಹೇಗೆ? ಬೆರಳಿಗೆ ಉಗುಳು ಹಚ್ಚಿ ನಾಲ್ಕು ಹೊಗೆ ಪೈಪುಗಳನ್ನೂ ಮುಟ್ಟಿ ನೋಡುತ್ತೇವೆ. ಚುಂಯ್ ಎಂದರೆ ಬದುಕಿದೆ, ಸುಮ್ಮನಿದ್ದರೆ ಸತ್ತಿದೆ. ಇಷ್ಟೇ ನನ್ನ ವಿದ್ಯೆ. ಇದಕ್ಕೇ ನೀವು ಈ ಸನ್ಮಾನದ ಫಲಕ ಕೊಟ್ಟಿರುವುದು.

ಇನ್ನೊಂದು ವಿಚಿತ್ರ ಹೇಳುತ್ತೇನೆ. ಎರಡನೆಯ ಸಿಲಿಂಡರಿಗೂ ಮೂರನೆಯದಕ್ಕೂ ಕಿಡಿ ಕೊಡುವ ಕಾಯಿಲ್ ಒಂದೇ. ಕಿಡಿ ಎರಡರಲ್ಲೂ ಒಟ್ಟಿಗೇ ಹಾರುತ್ತದೆ. ಒಂದರಲ್ಲಿ ಬೆಂಕಿ ಹತ್ತುತ್ತದೆ, ಇನ್ನೊಂದರಲ್ಲಿ ಆ ಗಳಿಗೆಗೆ ಸುಡಲು ಏನೂ ಇರುವುದಿಲ್ಲ, ಕಿಡಿ ಸುಮ್ಮನೆ ಹಾರಿ ಆರುತ್ತದೆ. ನಾವೂ ನಾಲ್ಕು ಮಕ್ಕಳು. ನಾನು ಎರಡನೆಯವನು, ಈ ತಮ್ಮ ಮೂರನೆಯವನು. ಅಮ್ಮ ನಮ್ಮಿಬ್ಬರಿಗೂ ಸೇರಿಸಿ ಒಂದೇ ಹೊದಿಕೆ ಹೊದಿಸುತ್ತಿದ್ದಳು. ಮಾತು ಎಲ್ಲಿಗೋ ಹೋಯಿತು, ಕ್ಷಮಿಸಿ.

ಇಪ್ಪತ್ಮೂರು ವರ್ಷದ ಹಿಂದೆ, ಒಂದು ಶುಕ್ರವಾರ ಮಧ್ಯಾಹ್ನ, ಅವನು ಈ ನೀಲಿ ಬೈಕಿನಲ್ಲಿ ನನ್ನ ಗ್ಯಾರೇಜಿಗೆ ಬಂದ. "ಅಣ್ಣಾ, ಮೂರನೇದು ಒಂದ್ಸಲ ಸಾಯುತ್ತೆ, ಒಂದ್ಸಲ ಎದ್ದು ಕೂರುತ್ತೆ. ಎದ್ದಾಗ ಗಾಡಿ ಒದ್ದ ಹಾಗೆ ಮುಂದಕ್ಕೆ ಹೋಗುತ್ತೆ, ಸ್ವಲ್ಪ ನೋಡು" ಅಂದ. ಬೆರಳು ಒದ್ದೆ ಮಾಡಿ ಮುಟ್ಟಿದೆ. ತಣ್ಣಗಿತ್ತು. ಪ್ಲಗ್ಗಿನ ಟೋಪಿ ಸಡಿಲ, ಕಾಲು ಗಂಟೆಯ ಕೆಲಸ. ನನಗೆ ಊಟದ ಹೊತ್ತು. "ಮೂರರಲ್ಲೇ ಓಡಿಸ್ಕೊಂಡು ಹೋಗೋ, ಭಾನುವಾರ ನೋಡೋಣ" ಅಂದೆ. ಅಣ್ಣ ಹೇಳಿದ ಮೇಲೆ ಮುಗಿಯಿತು, ಹೋದ.

ಕಾಲುವೆಯ ತಿರುವಿನಲ್ಲಿ ಬಿದ್ದ. ಎದುರಿಗೆ ಬಂದ ಲಾರಿಯವನು ಹೇಳಿದ: "ನಿಧಾನಕ್ಕೇ ಬರ್ತಿದ್ದ ಸಾರ್, ಇದ್ದಕ್ಕಿದ್ದ ಹಾಗೆ ಗಾಡಿ ನೆಗೀತು." ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ವಯಸ್ಸಿನ ಕೊಬ್ಬು, ಜೋರಾಗಿ ಹೋದ ಅಂದರು. ನಾನು ತಲುಪುವಷ್ಟರಲ್ಲಿ ತಮ್ಮನನ್ನು ಕೊಂಡೊಯ್ದಿದ್ದರು. ಬೈಕು ಅಲ್ಲೇ ಬಿದ್ದಿತ್ತು. ಅಭ್ಯಾಸಬಲದಿಂದ ಪೈಪುಗಳನ್ನು ಮುಟ್ಟಿದೆ. ನಾಲ್ಕೂ ಚುಂಯ್ ಎಂದವು. ಸತ್ತಿದ್ದ ಮೂರನೆಯದು ತಿರುವಿನಲ್ಲೇ ಎದ್ದಿತ್ತು. ಅದು ಗೊತ್ತಾದದ್ದು ನನ್ನೊಬ್ಬನಿಗೆ. ನಾನು ಬಾಯಿ ಬಿಡಲಿಲ್ಲ. ಅಮ್ಮ "ಅಷ್ಟು ಜೋರು ಯಾಕೆ ಬೇಕಿತ್ತೋ ಅವನಿಗೆ" ಎಂದು ಕೊರಗುತ್ತಲೇ ತೀರಿಕೊಂಡಳು.

ಬೈಕನ್ನು ಮತ್ತೆ ಕಟ್ಟಿದೆ. ಪ್ಲಗ್ಗು, ಕಾಯಿಲ್, ಕಾರ್ಬುರೇಟರ್ ಎಲ್ಲ ಬದಲಿಸಿದೆ. ಕಿಡಿ ಇದೆ, ಪೆಟ್ರೋಲ್ ಇದೆ. ಆದರೂ ಇಷ್ಟು ವರ್ಷ ಆ ಮೂರನೆಯ ಪೈಪು ಬಿಸಿಯಾಗಲೇ ಇಲ್ಲ. ಏಕೆ? ನೀವು ಫಲಕ ಕೊಟ್ಟವನಿಗೆ ಗೊತ್ತಿಲ್ಲ.

ಮೊನ್ನೆ, ಇವತ್ತು ಅತಿಥಿಗಳ ಕೈಯಿಂದ ಇದನ್ನು ತಮ್ಮನ ಮಗಳಿಗೆ, ಇವಳಿಗೆ, ಒಪ್ಪಿಸುವ ಮಾತು ಬಂತು. ಇವಳು ನಕ್ಕು "ಹೆದರಬೇಡ ದೊಡ್ಡಪ್ಪಾ, ನಾನು ಅಪ್ಪನ ಹಾಗೆ ಜೋರಾಗಿ ಓಡಿಸಲ್ಲ" ಅಂದಳು. ಆ ಮಾತು ನನಗೆ ಅನ್ನ ಸೇರದಂತೆ ಮಾಡಿದೆ.

ನಿನ್ನೆ ಬೈಕನ್ನು ಲಾರಿಯಲ್ಲಿ ಹೇರಿ ತಂದೆವು. ಟ್ಯಾಂಕು ಖಾಲಿ. ಬ್ಯಾಟರಿ ನನ್ನ ಗ್ಯಾರೇಜಿನ ಬೆಂಚಿನ ಮೇಲಿದೆ. ಬೆಳಿಗ್ಗೆ ಧೂಳು ಒರೆಸುವಾಗ ಒಂದು, ಎರಡು, ನಾಲ್ಕು ತಣ್ಣಗಿದ್ದವು. ಮೂರನೆಯದು ಬೆಚ್ಚಗಿತ್ತು. ಕಾರ್ಯದರ್ಶಿಗಳ ಕೈಯಲ್ಲೂ ಮುಟ್ಟಿಸಿದೆ. "ಲೈಟಿನ ಕಾವು ಸಾರ್" ಅಂದರು. ಲೈಟು ಇನ್ನೂ ಹಾಕಿರಲಿಲ್ಲ. ಈಗ ಮೈಕಿನ ಬಳಿ ಬರುವಾಗ ಮತ್ತೆ ಮುಟ್ಟಿದೆ. ಹಿಂದಿನ ಸಾಲಿನವರಿಗೆ ಕಾಣಿಸಲಾರದು. ಈ ಬೆರಳಿನ ಮೇಲೆ ಗುಳ್ಳೆ ಎದ್ದಿದೆ.

ಮಗಳೇ, ನಿನ್ನಪ್ಪ ಜೋರಾಗಿ ಓಡಿಸಲಿಲ್ಲ. ನಿಧಾನವಾಗಿಯೇ ಹೋಗುತ್ತಿದ್ದ. ಕಾಲು ಗಂಟೆಯ ಕೆಲಸ ನಾನು ಮಾಡಲಿಲ್ಲ, ಅದಕ್ಕೇ ಸತ್ತ. ಇಷ್ಟನ್ನು ಹೇಳಲು ನನಗೆ ಇಪ್ಪತ್ಮೂರು ವರ್ಷ ಬೇಕಾಯಿತು.

ಅವಳು ಎದ್ದು ಬರುತ್ತಿದ್ದಾಳೆ, ದಯವಿಟ್ಟು ದಾರಿ ಬಿಡಿ. ಬೆರಳು ಒದ್ದೆ ಮಾಡಿಕೊಳ್ಳಮ್ಮಾ, ಸುಟ್ಟೀತು. ನಿನ್ನ ಕಡೆಯಿಂದ ಎಣಿಸು, ಮೂರನೆಯದು.

ಏನೂ ಕೇಳಿಸಲಿಲ್ಲ. ಅಂಗೈಯನ್ನೇ ಇಟ್ಟಿದ್ದಾಳೆ, ತೆಗೆಯುತ್ತಿಲ್ಲ. ತಣ್ಣಗಾಗಿದೆಯೇ? ಒಳ್ಳೆಯದು, ನಿಜ ಕೇಳಿಸಿಕೊಂಡು ನಿನ್ನಪ್ಪ ಹೋದನಲ್ಲ. ಪಕ್ಕದ್ದನ್ನು ಮುಟ್ಟಬೇಡಮ್ಮಾ...

ಸಭಿಕರೇ, ಆ ಚುಂಯ್ ಸದ್ದು ಈ ಮೈಕಿಗೂ ಕೇಳಿಸಿತು. ಅದು ಎರಡನೆಯದು, ನನ್ನದು. ಯಾರೂ ಏಳಬೇಡಿ. ಈ ಫಲಕವನ್ನು ಮೇಜಿನ ಮೇಲೆಯೇ ಬಿಟ್ಟು ಹೋಗುತ್ತೇನೆ. ಕೀಲಿಕೈಯನ್ನು ಅವಳಿಗೆ ಕೊಡಬೇಡಿ ಎಂದು ಅತಿಥಿಗಳಲ್ಲಿ ಬೇಡಿಕೊಳ್ಳುತ್ತೇನೆ. ಹತ್ತು ನಿಮಿಷ ಕೇಳಿದ ನಿಮಗೂ, ಇಷ್ಟು ವರ್ಷ ಕಾದ ಅವನಿಗೂ ಕೃತಜ್ಞ. ನಮಸ್ಕಾರ.