ಶುದ್ಧಪ್ರತಿ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ನನ್ನ ಬಗ್ಗೆ ಹದಿನೈದು ನಿಮಿಷ ಬರೀ ಒಳ್ಳೆಯದನ್ನೇ ಆಡಿದ ಮುಖ್ಯ ಅತಿಥಿಗಳೇ, ನಮ್ಮ ಶೀಘ್ರಲಿಪಿಗಾರರ ಸಂಘದ ಕಾರ್ಯದರ್ಶಿಗಳೇ, ಪದಾಧಿಕಾರಿಗಳೇ, ಮುಂದಿನ ಸಾಲಿನಲ್ಲಿ ಕೂತು ಕಾಲರ್ ಸರಿಮಾಡಿಕೊಳ್ಳಿ ಎಂದು ಸನ್ನೆ ಮಾಡುತ್ತಿರುವ ನನ್ನ ಹೆಂಡತಿಯೇ, ಮತ್ತು ಪ್ರೀತಿಯ ಸಭಿಕರೇ,

ಮೂವತ್ತೊಂದು ವರ್ಷ ಇನ್ನೊಬ್ಬರ ಮಾತು ಬರೆದುಕೊಂಡವನ ಕೈಗೆ ಇವತ್ತು ಸನ್ಮಾನ ಮಾಡಿ ಮೈಕು ಕೊಟ್ಟಿದ್ದೀರಿ. ಎದುರಿಗೆ ಕೂತವರೋ ನೂರಿಪ್ಪತ್ತು ಜನ ಶೀಘ್ರಲಿಪಿಗಾರರು. ನಾನು ಎಷ್ಟು ವೇಗವಾಗಿ ಮಾತಾಡಿದರೂ ನಿಮ್ಮಿಂದ ತಪ್ಪಿಸಿಕೊಳ್ಳಲಾರೆ.

ಮೊದಲು ನಮ್ಮ ನಾಯಕರಿಗೆ, ಇಷ್ಟು ವರ್ಷ ನಾನು ಯಾರ ಮಾತು ಬರೆದುಕೊಂಡೆನೋ ಆ ಸಾಹೇಬರಿಗೆ, ಕೃತಜ್ಞತೆ ಹೇಳಬೇಕು. ಅವರಿಗೆ ಬರಲಾಗಲಿಲ್ಲ, ಸಂದೇಶ ಕಳಿಸಿದ್ದಾರೆ. ಕಾರ್ಯದರ್ಶಿಗಳು ಅದನ್ನು ಭಾವಪೂರ್ಣವಾಗಿ ಓದಿದರು. "ನನ್ನ ನೆರಳಿನಂತಿದ್ದ ನಿಷ್ಠಾವಂತ" ಎಂಬಲ್ಲಿ ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಸಂತೋಷ. ಆ ಸಂದೇಶ ಬರೆದವನು ನಾನೇ. ಸಾಹೇಬರು, "ನಿನ್ನ ಬಗ್ಗೆ ನಿನಗಿಂತ ಚೆನ್ನಾಗಿ ಯಾರಿಗಯ್ಯಾ ಗೊತ್ತು? ಬರ್ಕೊಂಡು ಬಾ, ಸಹಿ ಹಾಕ್ತೀನಿ" ಅಂದರು. "ನಿಷ್ಠಾವಂತ" ಎಂದು ಬರೆಯುವಾಗ ಸ್ವಲ್ಪ ನಾಚಿಕೆಯಾಯಿತು. ಆದರೂ ಬರೆದೆ. ನಗಬಹುದು, ನಗಿ.

ಕಾರ್ಯದರ್ಶಿಗಳು ಸ್ವಾಗತ ಭಾಷಣದಲ್ಲಿ ಒಂದು ದೊಡ್ಡ ಪ್ರಶ್ನೆ ಎತ್ತಿದರು. ವಿವಾದದ ನಾಯಕರ ಹತ್ತಿರ ಕೆಲಸ ಮಾಡುವ ನಮ್ಮಂಥವರನ್ನು ಜನ ಯಾಕೆ ದೂರುತ್ತಾರೆ? ಪತ್ರಿಕೆಯವರು ಯಾಕೆ ಚುಚ್ಚುತ್ತಾರೆ? "ನಾವು ಬರೀ ಕೈಗಳು. ಹೇಳಿದ್ದನ್ನು ಬರೆಯುವ ಕೈಗಳ ಮೇಲೆ ಸಮಾಜ ಸಹಾನುಭೂತಿ ತೋರಿಸಬೇಕು" ಎಂದರು. ಊಟಕ್ಕೆ ಮೊದಲು ಅದೇ ಅರ್ಥದ ಒಂದು ನಿರ್ಣಯ ಮಂಡನೆಯಾಗಲಿದೆ, ಅದಕ್ಕೆ ಮೊದಲ ಸಹಿ ನನ್ನದಾಗಬೇಕಂತೆ. ಬಹಳ ದೊಡ್ಡ ಗೌರವ.

ಸಹಾನುಭೂತಿ ಯಾರಿಗೆ ಬೇಡ ಹೇಳಿ? ನಾವೇನು ಸುಖವಾಗಿದ್ದೆವೇ? ಸಾಹೇಬರ ಕೋಣೆಯಲ್ಲಿ ನನ್ನ ಕುರ್ಚಿ ಬಾಗಿಲ ಹಿಂದೆ ಇತ್ತು. ಬಂದವರೆಲ್ಲ ಬಾಗಿಲು ತಳ್ಳಿದಾಗ ಅದು ನನ್ನ ಮೊಣಕಾಲಿಗೇ ಬಡಿಯುತ್ತಿತ್ತು. ಎಡ ಮೊಣಕಾಲು ಇವತ್ತಿಗೂ ಮೆಟ್ಟಿಲು ಹತ್ತುವಾಗ ಸಾಹೇಬರನ್ನು ನೆನೆಯುತ್ತದೆ. ಮಗಳ ಶಾಲೆಯ ಒಂದು ನಾಟಕಕ್ಕೂ ನಾನು ಹೋಗಲಿಲ್ಲ. ಮಾರುಕಟ್ಟೆಯಲ್ಲಿ ಒಬ್ಬ ಹೆಂಗಸು ನನ್ನ ಗುರುತು ಹಿಡಿದು, ತೂಗಿಟ್ಟ ಟೊಮೇಟೊ ವಾಪಸ್ ಸುರಿದುಕೊಂಡಳು. "ನಿಮ್ಮಂಥೋರಿಗೆ ಮಾರಲ್ಲ" ಅಂದಳು. ನಾನು ಖಾಲಿ ಚೀಲ ಹಿಡಿದು ಮನೆಗೆ ಬಂದೆ. ಹೆಂಡತಿಗೆ ಟೊಮೇಟೊ ಚೆನ್ನಾಗಿರಲಿಲ್ಲ ಎಂದೆ.

ಸಾಹೇಬರು ಕೆಟ್ಟವರೆಂದು ಹೇಳಲು ನಾನಿಲ್ಲಿ ನಿಂತಿಲ್ಲ. ನನ್ನ ಹೆಂಡತಿಗೆ ಆಪರೇಷನ್ ಆದಾಗ ಅವರು ಯಾರಿಗೂ ತಿಳಿಸದೆ ಆಸ್ಪತ್ರೆಗೆ ಬಂದು ವಾರ್ಡಿನ ಸ್ಟೂಲಿನ ಮೇಲೆ ಅರ್ಧ ಗಂಟೆ ಕೂತಿದ್ದರು. "ತಂಗೀ, ಏನೂ ಆಗಲ್ಲ, ನಾನಿದ್ದೀನಿ" ಅಂದರು. ದೊಡ್ಡ ಡಾಕ್ಟರನ್ನು ಅವರೇ ಕರೆಸಿದರು. ಇವಳು ಇವತ್ತು ಮುಂದಿನ ಸಾಲಿನಲ್ಲಿ ಕೂತಿದ್ದರೆ ಅದು ಅವರಿಂದ. ಇವಳಿಗೆ ಅವರು ಅಣ್ಣ. ಮನೆಯಲ್ಲಿ ಅವರ ಬಗ್ಗೆ ಒಂದು ಅಡ್ಡಮಾತು ಆಡುವ ಹಾಗಿಲ್ಲ.

ಇನ್ನು ನಮ್ಮ ಕಸುಬಿನ ವಿಷಯ. ಯುವಕರು ಬಹಳ ಜನ ಇದ್ದೀರಿ, ಹೇಳಿಬಿಡುತ್ತೇನೆ. ಬರೆದುಕೊಳ್ಳುವುದು ದೊಡ್ಡ ವಿದ್ಯೆಯಲ್ಲ. ಶುದ್ಧಪ್ರತಿ ಮಾಡುವುದೇ ವಿದ್ಯೆ. ಸಾಹೇಬರು ಕೆಮ್ಮುತ್ತಾರೆ, ಬೈಯುತ್ತಾರೆ, ಅರ್ಧ ವಾಕ್ಯ ಬಿಟ್ಟು ಎದ್ದುಹೋಗುತ್ತಾರೆ. ಶೀಘ್ರಲಿಪಿಯ ಪುಸ್ತಕದಲ್ಲಿ ಅಷ್ಟೂ ಇಳಿಯುತ್ತದೆ. ಟೈಪಿನ ಹಾಳೆಗೆ ಬರುವಾಗ ಕೆಮ್ಮು ಹೋಗಬೇಕು, ಬೈಗುಳ ಹೋಗಬೇಕು, ಬಿಟ್ಟ ವಾಕ್ಯ ತುಂಬಬೇಕು. "ಆ ದರಿದ್ರದವನಿಗೆ ಆಗಲ್ಲ ಅಂತ ಹೇಳು" ಎಂದರೆ, "ತಮ್ಮ ಮನವಿಯನ್ನು ಪರಿಶೀಲಿಸಲಾಗಿದ್ದು, ಸದ್ಯಕ್ಕೆ ಸಾಧ್ಯವಾಗದಿರುವುದಕ್ಕೆ ವಿಷಾದಿಸುತ್ತೇವೆ" ಎಂದು ಬರೆಯಬೇಕು. ವಿಷಾದಿಸಿದವನು ನಾನು. ಮೂವತ್ತೊಂದು ವರ್ಷ ಸಾಹೇಬರ ಪರವಾಗಿ ಎಷ್ಟು ವಿಷಾದಿಸಿದ್ದೇನೋ ಲೆಕ್ಕವಿಲ್ಲ. ಓದಿ ನೋಡಿ ಅವರೇ, "ನಾನು ಇಷ್ಟು ಒಳ್ಳೆಯವನೇನಯ್ಯಾ?" ಎಂದು ನಗುತ್ತಿದ್ದರು. ನನಗೆ ಒಳಗೊಳಗೇ ಹೆಮ್ಮೆ.

ನಿಮಗೆಲ್ಲ ಗೊತ್ತಿರುವ ಇನ್ನೊಂದು ಪದ್ಧತಿ ಇದೆ. ಆತುರದ ಸಂದೇಶವಾದರೆ ಶುದ್ಧಪ್ರತಿಗೆ ಕಾಯುವುದಿಲ್ಲ. ಪುಸ್ತಕ ಕೈಯಲ್ಲಿ ಹಿಡಿದು ಫೋನಿನಲ್ಲಿ ಇದ್ದದ್ದು ಇದ್ದ ಹಾಗೆ ಓದುವುದು, ಹಾಳೆ ಆಮೇಲೆ ಕಳಿಸುವುದು.

ಆರು ವರ್ಷದ ಹಿಂದಿನ ಸಿಮೆಂಟ್ ಕಾರ್ಖಾನೆಯ ಗೇಟಿನ ಘಟನೆ ನಿಮಗೆ ನೆನಪಿರಬೇಕು. ಹಿಂದಿನ ಬೀದಿಗಳ ಜನ, ಧೂಳು ಕುಡಿದು ಸಾಕಾಗಿದೆ, ಚಿಮಣಿಗೆ ಜಾಲರಿ ಹಾಕಿಸಿ ಎಂದು ಗೇಟಿನ ಮುಂದೆ ಕೂತಿದ್ದರು. ನಾಲ್ಕು ಜನ ಸತ್ತರು. ಒಬ್ಬಾಕೆ ದರ್ಜಿ, ಅಳತೆಯ ಟೇಪು ಕೊರಳಲ್ಲೇ ಇತ್ತಂತೆ. ನಾಲ್ಕು ಮನೆಗೂ ಸಾಂತ್ವನ ಪತ್ರ ಹೋಯಿತು. ಬರೆದವನು ಯಾರೆಂದು ಹೇಳಬೇಕಿಲ್ಲ.

ನಾನು ಈ ವಿಷಯಕ್ಕೆ ಬರಬೇಕೆಂದಿರಲಿಲ್ಲ. ಬರೆದು ತಂದ ಭಾಷಣ ಜೇಬಿನಲ್ಲಿದೆ, ಎರಡು ಪುಟ, ಸೊಗಸಾಗಿದೆ. ಅದರಲ್ಲಿ ಕಾರ್ಖಾನೆ ಇಲ್ಲ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಇನ್ನು ಐದೇ ನಿಮಿಷ, ಸಾರ್.

ಆ ಬೆಳಿಗ್ಗೆ ಹತ್ತು ನಲವತ್ತಕ್ಕೆ ಸಾಹೇಬರು ಹೇಳಿದ್ದು ನನ್ನ ಪುಸ್ತಕದಲ್ಲಿ ಹೀಗಿದೆ: "ಮಧ್ಯಾಹ್ನದ ಹೊತ್ತಿಗೆ ಆ ಗೇಟಿನ ಮುಂದೆ ಒಂದು ನರಪಿಳ್ಳೆಯೂ ಇರಬಾರದು. ಏಳದಿದ್ರೆ ಗುಂಡು ಹಾರಿಸ್ಲಿ. ನನ್ನನ್ನ ಮತ್ತೆ ಕೇಳೋದು ಬೇಡ." ಶುದ್ಧಪ್ರತಿಯಲ್ಲಿ ಹೀಗಿದೆ: "ಸ್ಥಳದಲ್ಲಿರುವ ಅಧಿಕಾರಿಗಳು ಪರಿಸ್ಥಿತಿಗೆ ತಕ್ಕಂತೆ ಸಂಯಮದಿಂದ ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು." "ಸಂಯಮದಿಂದ" ಎಂಬ ಮಾತು ಸಾಹೇಬರದಲ್ಲ. ಅದು ನಾನು ಹಾಕಿದ್ದು, ವಾಕ್ಯಕ್ಕೆ ತೂಕ ಬರಲಿ ಎಂದು.

ಎರಡರ ನಡುವೆ ಒಂದು ಫೋನು ಇತ್ತು. ಗೇಟಿನ ಹತ್ತಿರ ಇದ್ದ ಇನ್ಸ್‌ಪೆಕ್ಟರಿಗೆ ನಾನೇ ಫೋನು ಮಾಡಿ ಪುಸ್ತಕದಿಂದ ಓದಿದೆ. ಅವರು, "ಸಾರ್, ದಯವಿಟ್ಟು ಇನ್ನೊಂದು ಸಲ ಓದ್ತೀರಾ?" ಅಂದರು. ಇನ್ನೊಂದು ಸಲ ಓದಿದೆ. ನಿಧಾನವಾಗಿ, ಸ್ಪಷ್ಟವಾಗಿ, ನಮಗೆ ಕಲಿಸಿದ ಹಾಗೆ.

ಆಮೇಲೆ ವಿಚಾರಣಾ ಆಯೋಗ ಬಂತು. ಇನ್ಸ್‌ಪೆಕ್ಟರು, ನನಗೆ ಫೋನಿನಲ್ಲಿ ಆದೇಶ ಬಂದಿತ್ತು ಎಂದರು. ಹಾಳೆಯಲ್ಲಿ ಸಂಯಮವಿತ್ತು. ನ್ಯಾಯಾಧೀಶರು ಮೂಲ ಪುಸ್ತಕ ತರಿಸಿ ಕಣ್ಣು ಕಿರಿದು ಮಾಡಿ ನೋಡಿ, "ಇದೇನ್ರೀ, ಇರುವೆ ಹರಿದ ಹಾಗಿದೆ. ಬೇರೆ ಯಾರಾದರೂ ಇದನ್ನ ಓದ್ತಾರಾ?" ಎಂದು ಕೇಳಿದರು. "ಇಲ್ಲ ಸ್ವಾಮಿ, ನನ್ನ ಗೀಟು ನನಗೊಬ್ಬನಿಗೇ" ಎಂದೆ. ಆ ದಿನ ನಾನಾಡಿದ ನಿಜ ಅದೊಂದೇ. ಇಷ್ಟು ವರ್ಷ ಬರೆದವನ ಗೀಟು ಹೇಗೆ ಸವೆದು ಅವನದೇ ಆಗಿಬಿಡುತ್ತದೆ ಎಂಬುದು ನಿಮಗೆ ಗೊತ್ತು. "ಹಾಗಾದರೆ ಓದಿ" ಎಂದರು. ಪುಸ್ತಕ ಎತ್ತಿಕೊಂಡೆ. ಗೀಟುಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಶುದ್ಧಪ್ರತಿಯನ್ನೇ ಓದಿದೆ. "ಸಂಯಮದಿಂದ" ಅನ್ನುವಾಗ ಬೆರಳಿದ್ದದ್ದು "ಗುಂಡು" ಎಂಬ ಗೀಟಿನ ಮೇಲೆ.

ನನಗೆ ಬೆದರಿಕೆ ಇತ್ತು ಎಂದರೆ ನೀವು ಅಯ್ಯೋ ಪಾಪ ಅನ್ನುತ್ತೀರಿ. ಇರಲಿಲ್ಲ. ಸಾಹೇಬರು ಹಾಗೆ ಓದು ಎಂದು ಹೇಳಲಿಲ್ಲ. ಹಿಂದಿನ ದಿನ ಆ ಮಾತೇ ಎತ್ತಲಿಲ್ಲ. ಇವಳ ಔಷಧಿ ಬಂತೇ ಎಂದು ಮಾತ್ರ ಕೇಳಿದರು. ನಾನು ದಿನಾ ಮಾಡುವ ಕೆಲಸವನ್ನೇ ಅಲ್ಲಿಯೂ ಮಾಡಿದೆ. ಕೆಮ್ಮು ತೆಗೆದೆ, ಬೈಗುಳ ತೆಗೆದೆ, ಗುಂಡು ತೆಗೆದೆ. ಹೊರಗೆ ಬಂದಾಗ, ಹೇಳಲು ಬಾಯಿ ಬರುತ್ತಿಲ್ಲ, ಕೆಲಸ ಅಚ್ಚುಕಟ್ಟಾಯಿತು ಎಂಬ ಸಮಾಧಾನವೇ ಇತ್ತು. ಆ ಸಂಜೆ ಇವಳು, "ಪುಸ್ತಕದಲ್ಲಿ ಇದ್ದಿದ್ದನ್ನೇ ಓದಿದ್ರಿ ತಾನೆ?" ಎಂದು ಕೇಳಿದಳು. "ನೀಟಾಗಿ ಓದಿದೆ" ಎಂದೆ. ಇದನ್ನು ನಿನಗೆ ಮನೆಯಲ್ಲೇ ಹೇಳಬೇಕಿತ್ತು. ತಲೆ ತಗ್ಗಿಸಬೇಡ, ನೋಡು ಈ ಕಡೆ.

ಆಯೋಗದ ವರದಿ ಹಿಡಿದು ಮೊಕದ್ದಮೆಯಾಯಿತು. ಮೇಲಿನವರ ಆದೇಶವಿಲ್ಲದೆ ಗುಂಡು ಹಾರಿಸಿದ, ಅದರ ಮೇಲೆ ಸುಳ್ಳು ಹೇಳಿದ ಎಂದು ಇನ್ಸ್‌ಪೆಕ್ಟರಿಗೆ ಹನ್ನೆರಡು ವರ್ಷ ಬಿತ್ತು. ಆತ ಗುಂಡು ಹಾರಿಸಿದ್ದು ನಿಜ. ಅದನ್ನು ಆತ ಯಾವತ್ತೂ ಅಲ್ಲಗಳೆಯಲಿಲ್ಲ. ಸತ್ತವರ ಮನೆಯವರ ಮುಂದೆ ಆತನಿಗೂ ಸಹಾನುಭೂತಿ ಕೇಳುವ ಧೈರ್ಯ ನನಗಿಲ್ಲ. ಆದರೆ ಆತ ಸುಳ್ಳು ಹೇಳಲಿಲ್ಲ. ಬರುವ ಬುಧವಾರ ಆತನ ಮೇಲ್ಮನವಿ ಇದೆ. ಇದೇ ಕೊನೆಯದು.

ಹೋದ ತಿಂಗಳು ಜೈಲಿನಿಂದ ನನಗೊಂದು ಕಾಗದ ಬಂತು. ನಾಲ್ಕೇ ಸಾಲು. ಬೈದಿದ್ದರೆ ಒಳ್ಳೆಯದಿತ್ತು. ಸಾಕ್ಷಿ ಹೇಳಿ ಎಂದು ಬೇಡಿಕೊಂಡಿದ್ದರೂ ಅದನ್ನು ಮಡಿಚಿ ಫೈಲಿಗೆ ಹಾಕುತ್ತಿದ್ದೆನೇನೋ, ವಿಷಾದಿಸುವ ಪತ್ರವನ್ನೂ ಬರೆಯುತ್ತಿದ್ದೆ. ಬರೆದಿದ್ದದ್ದು ಇಷ್ಟು: "ಸಾರ್, ನಿಮಗೆ ತೊಂದರೆ ಕೊಡೋ ಉದ್ದೇಶ ಇಲ್ಲ. ಆ ದಿನ ನೀವು ಫೋನಲ್ಲಿ ಓದಿದ್ದು ನಿಜ ಅಲ್ವಾ? ಇಷ್ಟು ವರ್ಷ ಎಲ್ಲರೂ ಇಲ್ಲ ಅಂದು ಅಂದು, ನಾನೇ ಕಲ್ಪಿಸ್ಕೊಂಡೆನಾ ಅಂತ ಈಗ ನನಗೇ ಅನುಮಾನ ಶುರುವಾಗಿದೆ. ಹೌದು ಅಥವಾ ಇಲ್ಲ, ಅಷ್ಟೇ ಬರೀರಿ, ಸಾಕು."

ಒಂದು ತಿಂಗಳಿಂದ ನಾನು ಆ ಒಂದು ಪದ ಬರೆಯಲಾರದೆ ಕೂತಿದ್ದೇನೆ. ಸಭಿಕರೇ, ನಾವು ಕೈಗಳಂತೆ. ಕೈಗೆ ಸಹಾನುಭೂತಿ ಬೇಕಂತೆ. ನೀವು ಕೊಡಬಹುದು, ನೀವು ಒಳ್ಳೆಯವರು. ನನಗೆ ತೆಗೆದುಕೊಳ್ಳಲು ಆಗುತ್ತಿಲ್ಲ. ಕಾರ್ಯದರ್ಶಿಗಳೇ, ಆ ನಿರ್ಣಯಕ್ಕೆ ನನ್ನ ಸಹಿ ಇರುವುದಿಲ್ಲ. ಆಯೋಗ ನನಗೇ ವಾಪಸ್ ಕೊಟ್ಟ ಪುಸ್ತಕವನ್ನು ನಾಳೆ ಬೆಳಿಗ್ಗೆ ತೆಗೆದುಕೊಂಡು ಆತನ ವಕೀಲರ ಹತ್ತಿರ ಹೋಗುತ್ತೇನೆ. ಬುಧವಾರ ಇದ್ದದ್ದನ್ನು ಇದ್ದ ಹಾಗೆ ಓದುತ್ತೇನೆ. ಮನಸ್ಸು ಬದಲಾದರೆ ಎಂದು ನನಗೇ ಭಯ, ಅದಕ್ಕೇ ನಿಮ್ಮೆಲ್ಲರ ಮುಂದೆ ಬಾಯಿಬಿಟ್ಟಿದ್ದು.

ಕಾರ್ಯಕ್ರಮ ಏರ್ಪಡಿಸಿದ ಸಂಘಕ್ಕೆ, ಇಷ್ಟು ಹೊತ್ತು ತಾಳ್ಮೆಯಿಂದ ಕೂತ ನಿಮಗೆ, ಗಂಟೆ ಬಾರಿಸದೆ ಬಿಟ್ಟ ಅಧ್ಯಕ್ಷರಿಗೆ ಧನ್ಯವಾದಗಳು. ಇನ್ನೊಂದೇ ಮಾತು ಉಳಿದಿದೆ, ಅದು ನಿಮಗಲ್ಲ, ಈ ಸಭೆಯಲ್ಲಿ ಇಲ್ಲದ ಒಬ್ಬರಿಗೆ.

ಹೌದು ತಮ್ಮಾ, ಓದಿದೆ. ನೀವು ಇನ್ನೊಂದು ಸಲ ಓದಿ ಅಂದ್ರಿ, ಇನ್ನೊಂದು ಸಲವೂ ಓದಿದೆ.

ನಮಸ್ಕಾರ.