ಎರಡನೆಯ ಸಲ ಬರಲಿ ಎಂದವನು

ಹೊಳೆದಂಡೆಯ ಒಂದೂರಲ್ಲಿ ಒಬ್ಬ ಗಾಳದವನಿದ್ದ. ಮೀನು ಮಾರುವವನಲ್ಲ. ಹವ್ಯಾಸಕ್ಕೆಂದು ಪಟ್ಟಣದಿಂದ ಬರುವವರನ್ನು ತೆಪ್ಪದಲ್ಲಿ ಕೂರಿಸಿಕೊಂಡು ಹೋಗಿ, ಗಾಳ ಹಾಕುವುದನ್ನು ಕಲಿಸುವವನು. ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡಬೇಕು, ಅದು ಅಲ್ಲಿಯ ಕಟ್ಟಳೆ. ತೆಪ್ಪಕ್ಕೆ ಹುಟ್ಟು ಹಾಕುತ್ತಿದ್ದವನು ಅವನ ಒಡಹುಟ್ಟಿದ ತಮ್ಮ.

ಗಾಳದವನ ವಿದ್ಯೆ ಏನು ಗೊತ್ತೇ? ರಾಗಿ ಉಂಡೆಯನ್ನು ಕೊಕ್ಕೆಗೆ ಮೆತ್ತಿ, ಬಂಡೆಯ ಹಿಂದೆ ನೀರು ಸುತ್ತುವ ಮಡುವಿಗೆ ಬಿಡುವುದು. ದಾರವನ್ನು ತೋರುಬೆರಳ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಕೂರುವುದು. ದೊಡ್ಡ ಮೀನು ಮೊದಲು ಮೂತಿ ತಾಕಿಸಿ ನೋಡುತ್ತದೆ. ಆಗ ಎಳೆದರೆ ಕೆಟ್ಟಿತು. ಸುಮ್ಮನಿದ್ದರೆ ಮತ್ತೆ ಬಂದು ಕಚ್ಚುತ್ತದೆ.

"ಬರೀ ತಾಕಿದ್ದಕ್ಕೆ ಕೈ ಎತ್ಬೇಡಿ ಸ್ವಾಮಿ. ಎರಡ್ನೇ ಸಲ ಬರ್ಲಿ" ಎನ್ನುತ್ತಿದ್ದ. ಇಪ್ಪತ್ತು ವರ್ಷ ಆ ಮಾತು ಸುಳ್ಳಾಗಲಿಲ್ಲ.

ಒಂದು ದಿನ ಭಾರೀ ಮೀನೊಂದು ದಾರ ಎಳೆದುಕೊಂಡು ಬಂಡೆಯ ಸಂದಿಗೆ ನುಗ್ಗಿತು. ತಮ್ಮ ತೆಪ್ಪ ತಿರುಗಿಸುವುದು ಒಂದು ಗಳಿಗೆ ತಡವಾಯಿತು, ದಾರ ಕಡಿದುಹೋಯಿತು. ಬಂದವರ ಎದುರಿಗೇ ಗಾಳದವನು ತಮ್ಮನ ಕೈಯಿಂದ ಹುಟ್ಟು ಕಿತ್ತುಕೊಂಡ. "ಇನ್ಮೇಲೆ ನನ್ನ ತೆಪ್ಪ ಹತ್ಬೇಡ" ಎಂದ. ಒಂದು ಮೀನಿಗಾಗಿ. ಅದೂ ನೋಡಿ, ಹಿಡಿದಿದ್ದರೂ ನೀರಿಗೇ ಬಿಡಬೇಕಾಗಿದ್ದ ಮೀನಿಗಾಗಿ. ಎರಡು ವರ್ಷ ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ.

ಒಂದು ಮಧ್ಯಾಹ್ನ ಗಾಳದವನು ಜಗಲಿಯಲ್ಲಿ ದಾರ ಸುತ್ತುತ್ತಾ ಕೂತಿದ್ದಾಗ ತಮ್ಮ ಬಂದು ಅಂಗಳದಲ್ಲಿ ನಿಂತ. ಸೊರಗಿಹೋಗಿದ್ದ.

"ಅಣ್ಣ, ಮಡುವಿನಾಗೆ ನೀರು ಇಳಿದದಾ?"

ಅಷ್ಟೇ ಕೇಳಿದ. ದಂಡೆಯಲ್ಲೇ ಮನೆ ಇರುವವನಿಗೆ ನೀರು ಇಳಿದದ್ದು ಗೊತ್ತಿಲ್ಲವೇ? ಇದು ನೀರಿನ ಮಾತಲ್ಲವೆಂದು ಅಣ್ಣನಿಗೆ ತಿಳಿಯಿತು. ಎದೆಗೆ ತಾಕಿತು. ಆದರೂ ತಲೆ ಎತ್ತಲಿಲ್ಲ. ತಮ್ಮ ಸ್ವಲ್ಪ ಹೊತ್ತು ನಿಂತು, ಹೊರಟ.

ಹೆಂಡತಿ ಒಳಗಿನಿಂದ ಓಡಿ ಬಂದಳು. "ಕೂಗಿ, ಇನ್ನೂ ಹೊಂಗೆ ಮರ ದಾಟಿಲ್ಲ."

"ಇರ್ಲಿ ಬುಡು. ಈಗ ಬರೀ ತಾಕಿ ನೋಡವ್ನೆ. ಎರಡ್ನೇ ಸಲ ಬರ್ಲಿ, ಆಗ ಮಾತಾಡ್ತೀನಿ."

ಬರಲಿಲ್ಲ. ಹದಿನೆಂಟನೆಯ ದಿನ ಸುದ್ದಿ ಬಂತು. ಕಾಮಾಲೆ ಏರಿ ತಮ್ಮ ತೀರಿಕೊಂಡಿದ್ದ. ಸಾವಿನ ಮನೆಯಲ್ಲಿ ತಮ್ಮನ ಹೆಂಡತಿ ಹೇಳಿದಳು: "ಒಂದೇ ಒಂದ್ಸಲ ಅಣ್ಣನ ತೆಪ್ಪದಾಗೆ ಕೂತು ಬರ್ತೀನಿ ಅಂತ ಬಂದಿದ್ರು, ಭಾವ. ವಾಪಸ್ ಬಂದವ್ರು, ಅಣ್ಣಂಗೆ ಕೇಳಿಸ್ನಿಲ್ವೇನೋ ಅಂದ್ರು."

ಕೇಳಿಸಲಿಲ್ಲವಂತೆ. ಮಡುವಿನ ತಳದಲ್ಲಿ ಮೀನಿನ ಮೂತಿ ತಾಕಿದರೆ ಬೆರಳಿಗೆ ತಿಳಿಯುತ್ತಿದ್ದವನಿಗೆ, ಹತ್ತಡಿಯಲ್ಲಿ ನಿಂತ ತಮ್ಮನ ಮಾತು ಕೇಳಿಸಲಿಲ್ಲವಂತೆ. ತಮ್ಮ ಬೈದಿದ್ದರೆ ಅಣ್ಣ ಹೇಗೋ ತಡೆದುಕೊಳ್ಳುತ್ತಿದ್ದ. ಆಮೇಲೂ ಅವನು ಬಂದವರಿಗೆ ಗಾಳ ಹಾಕುವುದನ್ನು ಕಲಿಸಿದ. ಉಂಡೆ ಮೆತ್ತುವುದನ್ನು ಹೇಳುತ್ತಿದ್ದ, ದಾರ ಹಿಡಿಯುವುದನ್ನು ಹೇಳುತ್ತಿದ್ದ. ಎರಡನೆಯ ಸಲದ ಮಾತಿಗೆ ಬಂದಾಗ ಮಾತ್ರ ಬರೀ ಎರಡು ಬೆರಳು ತೋರಿಸುತ್ತಿದ್ದ.

ಅಯ್ಯೋ ಪಾಪ ಅಂತೀರಿ. ನಿಮ್ಮ ಅಂಗಳದಲ್ಲಿ ಯಾರು ನಿಂತು ಹೋದರು, ಹೇಳಿ. ಮದುವೆ ಮನೆಯಲ್ಲಿ ಪಕ್ಕಕ್ಕೆ ಬಂದು "ಊಟ ಆಯ್ತಾ?" ಎಂದ ಓರಗಿತ್ತಿ ಯಾರು? ಒಂದೇ ಸಲ ಫೋನು ಮಾಡಿ ಸುಮ್ಮನಾದ ಅಣ್ಣ ಯಾರು? ಇನ್ನೊಂದು ಸಲ ಮಾಡಲಿ ಅಂತ ಕೂತಿದ್ದೀರಿ. ಅದನ್ನು ತಾಳ್ಮೆ ಅಂತ ಬೇರೆ ಅಂದುಕೊಂಡಿದ್ದೀರಿ. ನೋಡಿ, ಅದು ತಾಳ್ಮೆಯಲ್ಲ, ಹಟ. ಮೀನು ಹಸಿವಿಗೆ ಎರಡು ಸಲ ಬಂದೀತು. ಮನುಷ್ಯ ಮಾನ ನುಂಗಿಕೊಂಡು ಬರುವುದು ಒಂದೇ ಸಲ.

ಈ ಕಥೆ ಕೇಳಿ ಇಲ್ಲಿಂದ ಎದ್ದವರು ಚಪ್ಪಲಿ ಹುಡುಕುವ ಮೊದಲು ಆ ಒಬ್ಬರಿಗೆ ಫೋನು ಮಾಡಿ. ಏನು ಮಾತಾಡಲಿ ಅನ್ನಬೇಡಿ. ನಿಮ್ಮ ಕಡೆ ಮಳೆ ಬಂತಾ ಅಂತ ಕೇಳಿ. ಅವರಿಗೆ ಅರ್ಥವಾಗುತ್ತದೆ.